ಸಂಗೀತ ಮತ್ತು ವಿದ್ಯಾಲಯದ ಹೆಬ್ಬಾಗಿಲು

ಮಕ್ಕಳು ಒಂಬತ್ತನೆಯ ತರಗತಿ ಮುಗಿಸಿ ಹತ್ತಕ್ಕೆ ಕಾಲಿಡುವ ಹೊತ್ತಿಗೆ ಧರ್ಮಕೇಂದ್ರದ ಗುರುಗಳನ್ನು ತಂದೆತಾಯಂದಿರು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು: "ಫಾದರ್, ಮಗ ಆರು ವರ್ಷದಿಂದ ಕೀಬೋರ್ಡ್ ಕಲಿಯುತ್ತಿದ್ದಾನೆ. ಇನ್ನು ನಿಲ್ಲಿಸಿಬಿಡೋಣವೇ? ಮುಂದೆ ಕಾಲೇಜಿಗೆ ಸೇರುವಾಗ ಇದರಿಂದ ಏನಾದರೂ ಪ್ರಯೋಜನ ಉಂಟೇ?" ನಮ್ಮ ಕರ್ನಾಟಕದ ಮಟ್ಟಿಗೆ ಇದಕ್ಕೆ ಉತ್ತರ ಒಂದೇ ಪದದ್ದು: ಇಲ್ಲ. ಇಂಜಿನಿಯರಿಂಗ್ ಸೀಟಿಗೆ ಪಿ.ಯು. ಅಂಕವೂ ಸಿ.ಇ.ಟಿ. ಅಂಕವೂ ಸೇರಿ ರ‍್ಯಾಂಕ್ ಆಗುತ್ತದೆ. ವೈದ್ಯಕೀಯಕ್ಕೆ ನೀಟ್ ಇದೆ. ಇವೆರಡರಲ್ಲೂ ಪಿಟೀಲಿಗೆ ಅರ್ಧ ಅಂಕವೂ ಇಲ್ಲ. ಆದರೂ ಈ ಪ್ರಶ್ನೆಯನ್ನು ಅಷ್ಟಕ್ಕೇ ಬಿಟ್ಟುಬಿಡಲು ನನಗೆ ಮನಸ್ಸಾಗುವುದಿಲ್ಲ. ಏಕೆಂದರೆ ಈ ಪ್ರಶ್ನೆಗೆ ಸಾವಿರ ವರ್ಷಕ್ಕೂ ಮಿಕ್ಕ ಇತಿಹಾಸವಿದೆ; ಆ ಇತಿಹಾಸದ ಬಹುಭಾಗ ನಡೆದದ್ದು ಧರ್ಮಸಭೆಯ ಅಂಗಳದಲ್ಲಿಯೇ. ಓದುಗರೇ, ಸ್ವಲ್ಪ ತಾಳ್ಮೆಯಿಂದ ನನ್ನೊಡನೆ ಆ ಅಂಗಳಕ್ಕೆ ಬನ್ನಿ.

ಮಧ್ಯಯುಗದ ವಿಶ್ವವಿದ್ಯಾಲಯಗಳಲ್ಲಿ ಏಳು ವಿದ್ಯೆಗಳನ್ನು ಕಲಿಸುತ್ತಿದ್ದರೆಂದು ನೀವು ಕೇಳಿರಬಹುದು. ವ್ಯಾಕರಣ, ತರ್ಕ, ವಾಗ್ಮಿತೆ ಎಂಬ ಮೂರು. ಅಂಕಗಣಿತ, ರೇಖಾಗಣಿತ, ಖಗೋಳ, ಸಂಗೀತ ಎಂಬ ನಾಲ್ಕು. ಸಂಗೀತ ಗಣಿತದ ಸಾಲಿನಲ್ಲಿ ಕುಳಿತಿರುವುದನ್ನು ಗಮನಿಸಿ. ಅದಕ್ಕೆ ಪಠ್ಯವಾಗಿದ್ದದ್ದು ಬೊಯೆಥಿಯಸ್ ಎಂಬ ರೋಮನ್ ವಿದ್ವಾಂಸ ಆರನೆಯ ಶತಮಾನದ ಆರಂಭದಲ್ಲಿ ಬರೆದ ಗ್ರಂಥ. ಈತನು ರಾಜನ ಕೋಪಕ್ಕೆ ಗುರಿಯಾಗಿ ಮರಣದಂಡನೆಗೆ ಒಳಗಾದವನು. ಪಾವಿಯಾ ನಗರದಲ್ಲಿ ಇಂದಿಗೂ ಆತನನ್ನು ಸಂತನೆಂದು ಗೌರವಿಸುತ್ತಾರೆ, ಸಂತ ಅಗಸ್ಟೀನರ ಸಮಾಧಿಯಿರುವ ದೇವಾಲಯದಲ್ಲಿಯೇ ಆತನ ಅವಶೇಷಗಳೂ ಇವೆ. ಬೊಯೆಥಿಯಸ್ ಸಂಗೀತದಲ್ಲಿ ತೊಡಗಿದವರನ್ನು ಮೂರು ವರ್ಗ ಮಾಡುತ್ತಾನೆ: ವಾದ್ಯ ನುಡಿಸುವವರು, ಹಾಡು ಕಟ್ಟುವವರು, ಬುದ್ಧಿಯಿಂದ ಸ್ವರಗಳ ಅನುಪಾತವನ್ನು ಅಳೆದು ವಿವೇಚಿಸುವವರು. ಈ ಮೂರನೆಯವರು ಮಾತ್ರವೇ ಆತನ ಪಾಲಿಗೆ ನಿಜವಾದ ಸಂಗೀತಜ್ಞರು. ಬೆರಳಾಡಿಸುವವನು ಕೈಕೆಲಸದವನು, ಅಷ್ಟೇ. ಹೀಗಾಗಿ ಆಕ್ಸ್‌ಫರ್ಡಿನಲ್ಲೋ ಪ್ಯಾರಿಸ್ಸಿನಲ್ಲೋ ಒಬ್ಬ ವಿದ್ಯಾರ್ಥಿ ಸಂಗೀತಶಾಸ್ತ್ರದಲ್ಲಿ ಉತ್ತೀರ್ಣನಾಗಿಯೂ ಒಂದು ಕೊಳಲನ್ನು ಮುಟ್ಟದೆ ಇರಬಹುದಾಗಿತ್ತು. ವಾದ್ಯ ನುಡಿಸುವುದು ವಿದ್ಯೆಯೋ ಕಸುಬೋ ಎಂಬ ಜಗಳ ಅಂದೇ ಹುಟ್ಟಿತು. "ಸುಮ್ಮನೆ ಟೈಮ್ ವೇಸ್ಟ್" ಎಂದು ಇಂದು ಮನೆಮನೆಯಲ್ಲಿ ಕೇಳಿಬರುವ ಮಾತಿಗೆ ಇಷ್ಟು ಘನವಾದ ಪೂರ್ವಜರಿದ್ದಾರೆ!

ಆದರೆ ಆ ಗ್ರಂಥಾಲಯದ ಗೋಡೆಯಾಚೆಗೆ, ದೇವಾಲಯದಲ್ಲಿ, ಬೇರೆಯೇ ಒಂದು ವ್ಯವಸ್ಥೆ ಬೆಳೆಯುತ್ತಿತ್ತು. ಬಲಿಪೂಜೆಗೂ ನಿತ್ಯದ ಪ್ರಾರ್ಥನಾವಿಧಿಗಳಿಗೂ ಎಳೆಯ ಕೊರಳುಗಳು ಬೇಕು. ಎಳೆಯ ಕೊರಳುಗಳಿಗೆ ಲತೀನ್ ಓದಲು ಬರಬೇಕು. ಓದಲು ಬರಬೇಕಾದರೆ ಶಾಲೆ ಬೇಕು, ಊಟ ಬೇಕು, ಮಲಗಲು ಜಾಗ ಬೇಕು. ಹೀಗೆ ಪ್ರಧಾನಾಲಯಗಳಿಗೂ ಮಠಗಳಿಗೂ ಅಂಟಿಕೊಂಡು ಗಾಯಕ ಬಾಲಕರ ಶಾಲೆಗಳು ಹುಟ್ಟಿದವು. ವಿಂಚೆಸ್ಟರಿನ ಧರ್ಮಾಧ್ಯಕ್ಷ ವಿಲಿಯಂ ವೈಕಮ್ 1379ರಲ್ಲಿ ಆಕ್ಸ್‌ಫರ್ಡಿನಲ್ಲಿ ನ್ಯೂ ಕಾಲೇಜನ್ನು ಸ್ಥಾಪಿಸಿದಾಗ ಅದರೊಳಗೆ ಹದಿನಾರು ಗಾಯಕ ಬಾಲಕರಿಗೂ ಸ್ಥಾನವಿತ್ತನು. 1441ರಲ್ಲಿ ಆರನೆಯ ಹೆನ್ರಿ ಅರಸನು ಕೇಂಬ್ರಿಜ್ಜಿನಲ್ಲಿ ಸ್ಥಾಪಿಸಿದ ಕಿಂಗ್ಸ್ ಕಾಲೇಜಿನ ನಿಬಂಧನೆಗಳಲ್ಲಿಯೂ ಅದೇ ಹದಿನಾರು. ರೈತನ ಮಗನಿಗೋ ಕಮ್ಮಾರನ ಮಗನಿಗೋ ಅಕ್ಷರದ ಬಾಗಿಲು ತೆರೆಯುತ್ತಿದ್ದ ಕೆಲವೇ ಕೀಲಿಗಳಲ್ಲಿ ಒಳ್ಳೆಯ ಕೊರಳೂ ಒಂದಾಯಿತು.

ಈ ಕೀಲಿ ಹೇಗೆ ಕೆಲಸ ಮಾಡುತ್ತಿತ್ತು, ಎಲ್ಲಿ ತುಕ್ಕು ಹಿಡಿಯಿತು ಎಂಬುದನ್ನು ನೋಡಬೇಕಾದರೆ ಜರ್ಮನಿಯ ಒಬ್ಬ ಅನಾಥ ಹುಡುಗನ ಕತೆಯಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಆತನು ಲೂಥರನ್ ಪಂಥದವನು, ನಮ್ಮವನಲ್ಲ. ಆದರೂ ನಮ್ಮ ಬಲಿಪೂಜೆಯ ಲತೀನ್ ಪಠ್ಯಗಳಿಗೆ ಆತನು ಕೊಟ್ಟಂಥ ಸಂಗೀತವನ್ನು ನಮ್ಮವರಲ್ಲಿ ಎಷ್ಟು ಮಂದಿ ಕೊಟ್ಟಿದ್ದಾರೋ! ಯೊಹಾನ್ ಸೆಬಾಸ್ಟಿಯನ್ ಬಾಖ್ 1685ರಲ್ಲಿ ಹುಟ್ಟಿ, ಹತ್ತು ವರ್ಷ ತುಂಬುವಷ್ಟರಲ್ಲಿ ತಾಯಿಯನ್ನೂ ತಂದೆಯನ್ನೂ ಕಳೆದುಕೊಂಡು ಅಣ್ಣನ ಮನೆ ಸೇರಿದ. ಅಣ್ಣನಿಗೂ ಮಕ್ಕಳು ಹೆಚ್ಚಾದವು. 1700ರ ವಸಂತದಲ್ಲಿ, ಹದಿನೈದನೆಯ ವಯಸ್ಸಿನಲ್ಲಿ, ಗೆಯೋರ್ಗ್ ಎರ್ಡ್‌ಮನ್ ಎಂಬ ಸಹಪಾಠಿಯೊಡನೆ ಆತನು ಮುನ್ನೂರು ಕಿಲೋಮೀಟರಿಗೂ ದೂರದ ಲ್ಯೂನೆಬುರ್ಗ್ ಪಟ್ಟಣಕ್ಕೆ ಹೊರಟ. ಅಲ್ಲಿ ಸಂತ ಮಿಖಾಯೇಲರ ಶಾಲೆಯಲ್ಲಿ ಬಡ ಹುಡುಗರಿಗೆ, ಒಳ್ಳೆಯ ಕೊರಳಿದ್ದರೆ, ಊಟ ವಸತಿ ಪಾಠ ಎಲ್ಲವೂ ಉಚಿತ. ಪ್ರತಿಯಾಗಿ ದೇವಾಲಯದಲ್ಲಿ ಹಾಡಬೇಕು. ಬಾಖ್ ಸೇರಿಕೊಂಡ ಸ್ವಲ್ಪ ಕಾಲದಲ್ಲೇ ಆತನ ಧ್ವನಿ ಒಡೆಯಿತು. ಎಳೆಯ ಕೊರಳೇ ಪ್ರವೇಶಪತ್ರವಾಗಿದ್ದ ಹುಡುಗನಿಗೆ ಇದು ಶಾಲೆಯಿಂದ ಹೊರಬೀಳುವ ಸೂಚನೆ. ಆದರೆ ಆತನನ್ನು ಕಳುಹಿಸಿಬಿಡಲಿಲ್ಲ. ಪಿಟೀಲು, ಆರ್ಗನ್ ಮುಂತಾದ ವಾದ್ಯಗಳಲ್ಲಿ ಆತನಿಗಿದ್ದ ಕೈಚಳಕವೇ ಇದಕ್ಕೆ ಕಾರಣವಾಗಿದ್ದಿರಬೇಕು. "ವಾದ್ಯ ನುಡಿಸಿದರೆ ವಿದ್ಯಾಭ್ಯಾಸಕ್ಕೆ ಪ್ರಯೋಜನವೇ?" ಎಂಬ ಪ್ರಶ್ನೆಗೆ ಇತಿಹಾಸದಲ್ಲಿ 'ಹೌದು' ಎಂಬ ಉತ್ತರ ಇಷ್ಟು ಸ್ಪಷ್ಟವಾಗಿ ಸಿಗುವ ಸಂದರ್ಭ ಬೇರೊಂದಿದ್ದರೆ ಅದು ನನಗೆ ತಿಳಿಯದು. ಜೊತೆಗೆ ಹೋದ ಎರ್ಡ್‌ಮನ್ ಮುಂದೆ ನ್ಯಾಯಶಾಸ್ತ್ರ ಓದಿ ರಷ್ಯಾದ ರಾಜಪ್ರತಿನಿಧಿಯಾಗಿ ಡಾಂಜಿಗ್ ನಗರದಲ್ಲಿ ನೆಲೆಸಿದ. ಹಾಡಿನ ಬಾಗಿಲಿನಿಂದ ಒಳಹೊಕ್ಕವರೆಲ್ಲ ಹಾಡುಗಾರರೇ ಆಗಬೇಕೆಂದಿರಲಿಲ್ಲ.

ಕತೆಯ ಎರಡನೆಯ ಭಾಗ ಇನ್ನೂ ಸ್ವಾರಸ್ಯದ್ದು. 1723ರಲ್ಲಿ ಬಾಖ್ ಲೈಪ್‌ಜಿಗ್ ನಗರದ ಸಂತ ತೋಮಾಸರ ಶಾಲೆಗೆ ಸಂಗೀತಗುರುವಾಗಿ ಬಂದ. ಅದೂ ಬಡ ಹುಡುಗರು ಉಚಿತವಾಗಿ ಉಳಿದು ಓದುತ್ತಿದ್ದ ಶಾಲೆ. ಅಲ್ಲಿನ ಐವತ್ತು ಚಿಲ್ಲರೆ ಮಕ್ಕಳೇ ನಗರದ ನಾಲ್ಕು ದೇವಾಲಯಗಳಲ್ಲಿ ಹಾಡಬೇಕು. ಈಗ ಬಾಖ್ ಬಾಗಿಲಿನ ಇನ್ನೊಂದು ಬದಿಯಲ್ಲಿ ಕುಳಿತಿದ್ದಾನೆ, ಪ್ರವೇಶ ಕೇಳಿ ಬಂದವರನ್ನು ಪರೀಕ್ಷಿಸುವವನಾಗಿ. 1729ರಲ್ಲಿ ಆತನು ಹಾಗೆ ಪರೀಕ್ಷಿಸಿದ ಹುಡುಗರ ಪಟ್ಟಿ ಇಂದಿಗೂ ಉಳಿದಿದೆ: ಯಾರ ಧ್ವನಿ ಗಟ್ಟಿ, ಯಾರದು ದುರ್ಬಲ, ಯಾರಿಗೆ ಸಂಗೀತದ ಗಂಧಗಾಳಿಯೂ ಇಲ್ಲ ಎಂದು ಒಬ್ಬೊಬ್ಬರ ಮುಂದೆ ಷರಾ. ಆದರೆ ಪ್ರವೇಶ ಕೊಡುವ ಅಧಿಕಾರ ನಗರಸಭೆಯ ಕೈಯಲ್ಲಿತ್ತು. ಬಾಖ್ ಅಯೋಗ್ಯರೆಂದು ಬರೆದ ಕೆಲವರೂ ಒಳಗೆ ಬಂದರು. ಮರುವರ್ಷ, 1730ರ ಆಗಸ್ಟಿನಲ್ಲಿ, ಆತನು ನಗರಸಭೆಗೆ ಒಂದು ಮನವಿ ಬರೆದ. ತನ್ನ ಕೈಕೆಳಗಿನ ಮಕ್ಕಳನ್ನು ಅದರಲ್ಲಿ ಮೂರು ಪಾಲು ಮಾಡಿದ್ದಾನೆ: ಉಪಯೋಗಕ್ಕೆ ಬರುವವರು 17, ಇನ್ನೂ ಪಳಗಬೇಕಾದವರು 20, ಯಾವ ಉಪಯೋಗಕ್ಕೂ ಬಾರದವರು 17. ಕೋಣನ ಮುಂದೆ ಕಿನ್ನರಿ ನುಡಿಸಿ ಬೇಸತ್ತ ಮೇಷ್ಟರ ನಿಟ್ಟುಸಿರು ಆ ಲೆಕ್ಕದಲ್ಲಿ ಕೇಳಿಸುತ್ತದೆ. ಅದೇ ವರ್ಷ ಹಳೆಯ ಗೆಳೆಯ ಎರ್ಡ್‌ಮನ್‌ಗೆ ಪತ್ರ ಬರೆದು ಬೇರೆ ಉದ್ಯೋಗ ಎಲ್ಲಿಯಾದರೂ ಇದೆಯೇ ಎಂದು ಬಾಖ್ ವಿಚಾರಿಸಿದ. ಊರಿನ ಗಾಳಿ ಶುದ್ಧವಾಗಿದ್ದರೆ ಜನ ಸಾಯುವುದು ಕಡಿಮೆಯಾಗಿ, ಶವಸಂಸ್ಕಾರದ ಹಾಡಿನಿಂದ ಬರುವ ತನ್ನ ವರಮಾನವೂ ಇಳಿಯುತ್ತದೆಂಬ ಕಹಿಹಾಸ್ಯ ಆ ಪತ್ರದಲ್ಲಿದೆ.

ನಗರಸಭೆಯ ಕಡೆಯೂ ಒಂದು ನ್ಯಾಯವಿತ್ತೆಂಬುದನ್ನು ಮರೆಯಬಾರದು. ಹಾಡಲು ಬಾರದ ಬಡ ಹುಡುಗನಿಗೆ ಓದುವ ಹಕ್ಕಿಲ್ಲವೇ? ಅವನ ಜಾಣ್ಮೆ ಲತೀನಿನಲ್ಲಿ ಇದ್ದರೆ? ಈ ಪ್ರಶ್ನೆ 1734ರಲ್ಲಿ ಶಾಲೆಯ ಮುಖ್ಯಸ್ಥನಾಗಿ ಬಂದ ಯೊಹಾನ್ ಆಗಸ್ಟ್ ಎರ್ನೆಸ್ಟಿ ಎಂಬ ಇಪ್ಪತ್ತೇಳರ ಯುವ ವಿದ್ವಾಂಸನ ಬಾಯಿಯಲ್ಲಿ ಹರಿತವಾಯಿತು. ಕಾಲ ಬದಲಾಗುತ್ತಿತ್ತು, ಶಾಲೆಯೆಂದರೆ ಭಾಷೆ, ಇತಿಹಾಸ, ವಿಮರ್ಶೆ ಎಂಬ ಹೊಸ ಗಾಳಿ ಬೀಸುತ್ತಿತ್ತು. ಪಿಟೀಲು ಅಭ್ಯಾಸ ಮಾಡುತ್ತಿರುವ ಹುಡುಗ ಕಣ್ಣಿಗೆ ಬಿದ್ದರೆ ಎರ್ನೆಸ್ಟಿಯು, ಹೆಂಡದಂಗಡಿಯಲ್ಲಿ ಪಿಟೀಲು ಕುಯ್ಯುವವನಾಗಬೇಕೆಂದಿದ್ದೀಯೋ ಎಂದು ಮೂದಲಿಸುತ್ತಿದ್ದನೆಂದು ಆ ಶತಮಾನದಲ್ಲೇ ಒಬ್ಬರು ಬರೆದಿಟ್ಟಿದ್ದಾರೆ. 1736ರಲ್ಲಿ ಗಾಯನವೃಂದದ ವಿದ್ಯಾರ್ಥಿನಾಯಕನನ್ನು ಆರಿಸುವ ಅಧಿಕಾರ ಯಾರದೆಂಬ ವಿಷಯದಲ್ಲಿ ಇಬ್ಬರಿಗೂ ಬಹಿರಂಗ ಜಗಳವೇ ಆಗಿ, ದೂರು ರಾಜನವರೆಗೆ ಹೋಯಿತು. ನನ್ನ ಮಟ್ಟಿಗೆ ಹೇಳುವುದಾದರೆ, ಹೃದಯ ಬಾಖ್‌ನ ಕಡೆಗಿದ್ದರೂ ಎರ್ನೆಸ್ಟಿಯನ್ನು ಖಳನನ್ನಾಗಿ ಮಾಡಲು ಮನಸ್ಸೊಪ್ಪದು. ಒಂದೇ ಶಾಲೆಯ ಅದೇ ಐವತ್ತೈದು ಹಾಸಿಗೆಗಳಿಗೆ ಎರಡು ಬಗೆಯ ಬಡ ಮಕ್ಕಳು ಕಾದಿದ್ದರು. ಒಬ್ಬನನ್ನು ಸೇರಿಸಿದರೆ ಇನ್ನೊಬ್ಬ ಹೊರಗೆ. ಸೀಟು ಹಂಚುವವರ ಸಂಕಟ ಅಂದಿಗೂ ಇಂದಿಗೂ ಇದೇ.

ಇನ್ನು ಕಥೋಲಿಕ ನಾಡುಗಳಿಗೆ ಬರೋಣ. ಸಂಗೀತ ಕಾಲೇಜಿಗೆ 'ಕನ್ಸರ್ವೇಟರಿ' ಎಂಬ ಹೆಸರು ಹೇಗೆ ಬಂತೆಂದು ಎಂದಾದರೂ ಯೋಚಿಸಿದ್ದೀರಾ? ಇತಾಲಿಯನ್ ಭಾಷೆಯಲ್ಲಿ ಆ ಪದಕ್ಕೆ 'ಕಾಪಾಡುವ ಸ್ಥಳ' ಎಂಬ ಅರ್ಥ. ಕಾಪಾಡುತ್ತಿದ್ದದ್ದು ಸಂಗೀತವನ್ನಲ್ಲ, ಅನಾಥ ಮಕ್ಕಳನ್ನು! 16ನೆಯ ಶತಮಾನದಲ್ಲಿ ನೇಪಲ್ಸ್ ನಗರದ ಬೀದಿಗಳಲ್ಲಿ ಹಸಿದು ಅಲೆಯುತ್ತಿದ್ದ ಮಕ್ಕಳಿಗಾಗಿ ಧರ್ಮಶಾಲೆಗಳು ಹುಟ್ಟಿದವು. ಅವುಗಳಲ್ಲಿ ನಾಲ್ಕು ಮುಂದೆ ಸಂಗೀತಕ್ಕೆ ಹೆಸರಾದವು. ಒಂದರ ಹೆಸರೇ 'ಯೇಸುಕ್ರಿಸ್ತನ ಬಡವರು'. ಮಕ್ಕಳು ಬಣ್ಣದ ನಿಲುವಂಗಿ ತೊಟ್ಟು ಮೆರವಣಿಗೆಗಳಲ್ಲಿ, ಶವಯಾತ್ರೆಗಳಲ್ಲಿ ಹಾಡಿ ಸಂಸ್ಥೆಗೆ ನಾಲ್ಕು ಕಾಸು ತರುತ್ತಿದ್ದರು. ವೆನಿಸ್ಸಿನಲ್ಲಿಯೂ ಇದೇ ರೀತಿ ತೊರೆಯಲ್ಪಟ್ಟ ಹೆಣ್ಣುಮಕ್ಕಳ ಆಶ್ರಮವೊಂದಿತ್ತು. 1703ರಲ್ಲಿ ಗುರುದೀಕ್ಷೆ ಪಡೆದ ವಿವಾಲ್ದಿ ಎಂಬ ಕೆಂಪು ಕೂದಲಿನ ಪಾದ್ರಿ ಅದೇ ವರ್ಷ ಅಲ್ಲಿ ಪಿಟೀಲು ಕಲಿಸಲು ಸೇರಿಕೊಂಡರು. ಜಾಲರಿಯ ಹಿಂದೆ ನಿಂತು ನುಡಿಸುತ್ತಿದ್ದ ಆ ಹುಡುಗಿಯರನ್ನು ಕೇಳಲು ಯೂರೋಪಿನ ಶ್ರೀಮಂತರು ಬರುತ್ತಿದ್ದರು.

1770ರಲ್ಲಿ ನೇಪಲ್ಸಿಗೆ ಬಂದ ಚಾರ್ಲ್ಸ್ ಬರ್ನಿ ಎಂಬ ಇಂಗ್ಲಿಷ್ ಸಂಗೀತ ಇತಿಹಾಸಕಾರ ಅಲ್ಲಿನ ಸಾಂತ್ ಒನೊಫ್ರಿಯೊ ಸಂಸ್ಥೆಯ ಒಳಗೆ ಕಂಡದ್ದನ್ನು ಬರೆದಿದ್ದಾನೆ. ಒಂದೇ ಕೋಣೆಯಲ್ಲಿ ಏಳೆಂಟು ಹಾರ್ಪ್ಸಿಕಾರ್ಡ್, ಅದಕ್ಕೂ ಹೆಚ್ಚು ಪಿಟೀಲು, ಹಲವು ಕೊರಳು. ಎಲ್ಲವೂ ಒಟ್ಟಿಗೆ, ಆದರೆ ಒಂದೊಂದೂ ಬೇರೆ ಬೇರೆ ಪಾಠವನ್ನು ಬೇರೆ ಬೇರೆ ಶ್ರುತಿಯಲ್ಲಿ! ಮಲಗುವ ಮಂಚಗಳೇ ಕೂರುವ ಪೀಠಗಳು. ಓದುತ್ತಾ ನಗು ಬರುತ್ತದೆ. ಆದರೆ ಮುಂದಿನ ವಾಕ್ಯಗಳಲ್ಲಿ ನಗು ನಿಲ್ಲುತ್ತದೆ: ಮಹಡಿಯ ಮೇಲೆ, ನೆಗಡಿಯಾಗಬಾರದೆಂದು ಬೆಚ್ಚನೆಯ ಕೋಣೆಗಳಲ್ಲಿ, ಹದಿನಾರು ಹುಡುಗರನ್ನು ಬೇರೆಯಾಗಿ ಇರಿಸಿದ್ದರು. ಎಳೆಯ ಧ್ವನಿ ಒಡೆಯದಿರಲೆಂದು ಬೀಜ ತೆಗೆಸಲ್ಪಟ್ಟ ಹುಡುಗರು ಅವರು.

ಈ ವಿಷಯವನ್ನು ಧರ್ಮಕೇಂದ್ರದ ಕುಟುಂಬಗಳು ಓದುವ ಪತ್ರಿಕೆಯಲ್ಲಿ ಬರೆಯಬೇಕೇ ಎಂದು ಯಾರಾದರೂ ಕೇಳಬಹುದು. ಬರೆಯಬೇಕೆಂದೇ ನನ್ನ ಅಭಿಪ್ರಾಯ. ಧರ್ಮಸಭೆಯ ಕಾನೂನು ಈ ಅಂಗಚ್ಛೇದವನ್ನು ಘೋರ ಅಪರಾಧವೆಂದೇ ಎಣಿಸಿತ್ತು. ಆದರೆ ಅದೇ ಧರ್ಮಸಭೆಯ ಗಾಯನವೃಂದಗಳು, ರೋಮಿನ ಸಿಸ್ಟೈನ್ ಪ್ರಾರ್ಥನಾಲಯವೂ ಸೇರಿ, ಹಾಗಾದವರನ್ನು ಕರೆದು ಸಂಬಳ ಕೊಟ್ಟವು. ಸ್ತ್ರೀಯರು ದೇವಾಲಯದ ವೃಂದದಲ್ಲಿ ಹಾಡಕೂಡದೆಂಬ ಕಟ್ಟಳೆಯಿಂದ ಎತ್ತರದ ಸ್ವರಗಳಿಗೆ ಜನ ಬೇಕಾಗಿತ್ತು. ಆ ಮಕ್ಕಳ ತಂದೆತಾಯಂದಿರು ಕ್ರೂರಿಗಳಾಗಿದ್ದರೆಂದು ಹೇಳಿ ಕೈತೊಳೆದುಕೊಳ್ಳುವಂತಿಲ್ಲ. ಅವರಲ್ಲಿ ಬಹುಮಂದಿ ಬಡವರು. ಮಗನಿಗೆ ಒಂದು ಶಾಲೆ, ಒಂದು ಹೊತ್ತಿನ ಊಟ, ಅದೃಷ್ಟವಿದ್ದರೆ ಕೀರ್ತಿ ಎಂಬ ಆಸೆಯಿಂದ ಅವನ ದೇಹವನ್ನೇ ಪ್ರವೇಶಶುಲ್ಕವಾಗಿ ಕೊಟ್ಟವರು. ಹಾಗೆ ಕೊಟ್ಟವರಲ್ಲಿ ಫರಿನೆಲ್ಲಿಯಂತೆ ರಾಜಾಸ್ಥಾನ ಸೇರಿದವರು ಬೆರಳೆಣಿಕೆಯಷ್ಟು. ಉಳಿದವರ ಹೆಸರೂ ಇಂದು ಯಾರಿಗೂ ತಿಳಿಯದು. ಕೊನೆಗೆ 1903ರ ನವೆಂಬರ್ 22ರಂದು, ಸಂಗೀತಗಾರರ ಪಾಲಕಿ ಸಂತ ಸಿಸಿಲಿಯಳ ಹಬ್ಬದಂದು, ಜಗದ್ಗುರು ಹತ್ತನೆಯ ಪಿಯುಸ್‌ರವರು ದೇವಾಲಯ ಸಂಗೀತದ ಬಗ್ಗೆ ಹೊರಡಿಸಿದ ಆಜ್ಞಾಪತ್ರದಲ್ಲಿ ಎತ್ತರದ ಸ್ವರಗಳನ್ನು ಬಾಲಕರೇ ಹಾಡಬೇಕೆಂದು ವಿಧಿಸಿದರು. (ಅದೇ ಪತ್ರದಲ್ಲಿ ದೇವಾಲಯದೊಳಗೆ ಪಿಯಾನೊ ನುಡಿಸುವುದನ್ನೂ ನಿಷೇಧಿಸಿದ್ದಾರೆ! ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಇತರ ವಾದ್ಯಗಳಿಗೂ ಅವಕಾಶ ಕೊಡದಿದ್ದರೆ ನಮ್ಮ ಕೀಬೋರ್ಡ್ ಹುಡುಗರ ಗತಿ ಏನಾಗುತ್ತಿತ್ತೋ!)

ವಿಯೆನ್ನಾದಲ್ಲಿ ಈ ಕತೆಗೆ ಇನ್ನೊಂದು ಮುಖವಿದೆ. ಬಂಡಿ ಮಾಡುವವನ ಮಗ ಜೋಸೆಫ್ ಹೇಡನ್ ಎಂಟರ ಪ್ರಾಯದಲ್ಲಿ, ಧ್ವನಿಯ ಬಲದಿಂದ, ಸಂತ ಸ್ತೇಫನರ ಪ್ರಧಾನಾಲಯದ ಶಾಲೆ ಸೇರಿದ. 1749ರ ಸುಮಾರಿಗೆ ಧ್ವನಿ ಒಡೆದಾಗ ಬೀದಿಪಾಲಾದ. ಒಬ್ಬ ಪರಿಚಿತನು ತನ್ನ ಅಟ್ಟದ ಕೋಣೆಯಲ್ಲಿ ಜಾಗ ಕೊಟ್ಟದ್ದರಿಂದ ಉಳಿದುಕೊಂಡ. ಅರವತ್ತು ವರ್ಷಗಳ ನಂತರ, 1808ರ ಸೆಪ್ಟೆಂಬರ್ 30ರಂದು, ಶಾಲಾಮಾಸ್ತರನ ಮಗನಾದ ಹನ್ನೊಂದರ ಫ್ರಾನ್ಜ್ ಶೂಬರ್ಟ್ ಆಸ್ಥಾನದ ಗಾಯಕ ಬಾಲಕರ ಆಯ್ಕೆಗೆ ಬಂದು ಸಾಲಿಯೆರಿ ಮೊದಲಾದವರ ಮುಂದೆ ಹಾಡಿ ತೇರ್ಗಡೆಯಾದ. ಆ ಒಂದು ಪರೀಕ್ಷೆಯಿಂದ ಆತನಿಗೆ ನಗರದ ಉತ್ತಮ ಶಾಲೆಯೂ ವಿದ್ಯಾರ್ಥಿನಿಲಯವೂ ದೊರೆತವು. ಅದನ್ನು ನಡೆಸುತ್ತಿದ್ದವರು ಸಂತ ಜೋಸೆಫ್ ಕಲಸಾಂಜರು ಸ್ಥಾಪಿಸಿದ ಪಿಯಾರಿಸ್ಟ್ ಗುರುಗಳು. ಬಡಮಕ್ಕಳಿಗಾಗಿ 1597ರಲ್ಲಿ ರೋಮಿನಲ್ಲಿ ಉಚಿತ ಶಾಲೆ ತೆರೆದ ಸಂತರ ಮಕ್ಕಳು. 1812ರ ಜುಲೈ 26ರಂದು ಒಂದು ಬಲಿಪೂಜಾಗೀತೆಯ ಹಾಳೆಯ ಮೇಲೆ, ಶೂಬರ್ಟ್ ಕೊನೆಯ ಸಲ ಕೂಗಿದ್ದು ಇಂದು ಎಂದು ಕೋಳಿಯ ಕೂಗಿಗೆ ಹೋಲಿಸಿ ತಮಾಷೆಯಾಗಿ ಬರೆದಿಟ್ಟಿದ್ದಾನೆ. ಧ್ವನಿ ಒಡೆದಿತ್ತು. ಆದರೂ ಹೇಡನ್‌ನಂತೆ ಆತನನ್ನು ಹೊರಹಾಕಲಿಲ್ಲ. 1813ರಲ್ಲಿ ಓದು ಮುಂದುವರಿಸಲು ಒಂದು ವಿದ್ಯಾರ್ಥಿವೇತನವನ್ನೇ ಕೊಡಲು ಮುಂದಾದರು. ಒಂದೇ ಷರತ್ತು: ಕಡಿಮೆ ಬಂದಿರುವ ಅಂಕಗಳನ್ನು ಸರಿಪಡಿಸಿಕೊಳ್ಳಬೇಕು, ಹಾಡು, ಸಂಗೀತ ಎರಡನೆಯದು, ನಡತೆಯೂ ಓದೂ ಮೊದಲನೆಯದು ಎಂಬುದು ಚಕ್ರವರ್ತಿಯ ಆದೇಶದ ತಾತ್ಪರ್ಯ. ಶೂಬರ್ಟ್ ಆ ಹಣವನ್ನು ಬೇಡವೆಂದು ಶಾಲೆ ಬಿಟ್ಟ. ಶಿಕ್ಷಕರ ತರಬೇತಿ ಪಡೆದು ಅಪ್ಪನ ಶಾಲೆಯಲ್ಲಿ ಚಿಕ್ಕಮಕ್ಕಳಿಗೆ ಅಕ್ಷರ ಕಲಿಸುತ್ತ, ಬಿಡುವಿನಲ್ಲಿ ನೂರಾರು ಗೀತೆಗಳನ್ನು ರಚಿಸಿ, ಮೂವತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಂಡ. ಆತನು ಆ ಷರತ್ತಿಗೆ ಒಪ್ಪಬೇಕಾಗಿತ್ತೇ? ಗಣಿತದಲ್ಲಿ ಮಗ ಹಿಂದೆ ಬಿದ್ದಾಗ ನೀವು ಚಕ್ರವರ್ತಿಯ ಮಾತನ್ನೇ ಆಡುತ್ತೀರಿ, ನಾನೂ ಆಡುತ್ತೇನೆ. ಆದರೆ ಶೂಬರ್ಟನ ಹಾಡು ಕೇಳುವಾಗ ಆ ಮಾತು ಗಂಟಲಲ್ಲೇ ನಿಲ್ಲುತ್ತದೆ.

ನಮ್ಮ ಕರಾವಳಿಯ ಕೊಂಕಣಿ ಕ್ರೈಸ್ತರ ಪೂರ್ವಜರು ಬಿಟ್ಟುಬಂದ ಗೋವೆಯಲ್ಲಿಯೂ ಇದೇ ಬೇರಿನ ಒಂದು ಚಿಗುರಿತ್ತು. ಪೋರ್ಚುಗೀಸರ ಕಾಲದಲ್ಲಿ ಅಲ್ಲಿನ ಧರ್ಮಕೇಂದ್ರಗಳಿಗೆ ಅಂಟಿಕೊಂಡ ಶಾಲೆಗಳಲ್ಲಿ ಅಕ್ಷರ, ಜಪಗಳ ಜೊತೆಗೆ ಸ್ವರಲಿಪಿ ಓದುವುದನ್ನೂ ಪಿಟೀಲನ್ನೂ ಕಲಿಸುತ್ತಿದ್ದರು. ಆ ವಿದ್ಯೆ ಗೋವೆಯ ಹುಡುಗರಿಗೆ ಕಾಲೇಜಿನ ಬಾಗಿಲನ್ನು ತೆರೆಯಲಿಲ್ಲ, ಅನ್ನದ ಬಾಗಿಲನ್ನು ತೆರೆಯಿತು. ಬ್ರಿಟಿಷ್ ಭಾರತದ ಸೇನಾವಾದ್ಯಮೇಳಗಳಲ್ಲಿ, ಹಡಗುಗಳಲ್ಲಿ, ಹೋಟೆಲುಗಳಲ್ಲಿ, ಕಡೆಗೆ ಮುಂಬಯಿಯ ಚಲನಚಿತ್ರ ಸ್ಟುಡಿಯೋಗಳಲ್ಲಿ ಅವರು ತುಂಬಿದರು. ಮಜೋರ್ಡಾ ಊರಿನ ದೇವಾಲಯದ ಗಾಯನಗುರುವಿನ ಮಗ ಆಂಟನಿ ಗೊನ್ಸಾಲ್ವಿಸ್ ಅವರಲ್ಲಿ ಒಬ್ಬರು. 1977ರ ಒಂದು ಹಿಂದಿ ಚಿತ್ರದ ಹಾಡಿನಿಂದ ಅವರ ಹೆಸರು ದೇಶಕ್ಕೆಲ್ಲ ಬಾಯಿಪಾಠವಾಯಿತು.

ಇಂಗ್ಲೆಂಡಿನಲ್ಲಿ ಹಳೆಯ ವ್ಯವಸ್ಥೆ ಪೂರ್ತಿ ಸಾಯಲಿಲ್ಲ. ಆಕ್ಸ್‌ಫರ್ಡ್, ಕೇಂಬ್ರಿಜ್ಜಿನ ಕಾಲೇಜುಗಳಲ್ಲಿ ಆರ್ಗನ್ ನುಡಿಸುವ ವಿದ್ಯಾರ್ಥಿಗೆ ವಿಶೇಷ ವೇತನವನ್ನು ಇಂದಿಗೂ ಕೊಡುತ್ತಾರೆ. 1935ರಲ್ಲಿ ಬಡಗಿಯೊಬ್ಬನ ಮಗ ಎಡ್ವರ್ಡ್ ಹೀತ್ ಆಕ್ಸ್‌ಫರ್ಡಿನ ಬೇಲಿಯಲ್ ಕಾಲೇಜಿಗೆ ಸೇರಿ, ಮೊದಲ ಅವಧಿಯಲ್ಲೇ ಈ ವೇತನ ಗೆದ್ದ. ಅದರಿಂದ ಅಲ್ಲಿ ನಾಲ್ಕನೆಯ ವರ್ಷವೂ ಉಳಿಯಲು ಸಾಧ್ಯವಾಯಿತು. 1970ರಲ್ಲಿ ಆತನು ಬ್ರಿಟನ್ನಿನ ಪ್ರಧಾನಿಯಾದ. ನಮ್ಮ ಬೆಂಗಳೂರು, ಮಂಗಳೂರುಗಳಲ್ಲಿ ಮಕ್ಕಳು ಬರೆಯುವ ಟ್ರಿನಿಟಿ, ರಾಯಲ್ ಸ್ಕೂಲ್ಸ್ ಗ್ರೇಡ್ ಪರೀಕ್ಷೆಗಳು ಆ ದೇಶದಿಂದಲೇ ಬಂದವು. ಮೈಸೂರಿನ ಕೊನೆಯ ಮಹಾರಾಜರಾದ ಜಯಚಾಮರಾಜ ಒಡೆಯರೂ ಪಿಯಾನೊ ವಾದಕರಾಗಬೇಕೆಂದು ಹಂಬಲಿಸಿ ಲಂಡನ್ನಿನ ಇಂಥ ಸಂಸ್ಥೆಗಳಿಂದ ಪದವಿ, ಗೌರವ ಪಡೆದವರೆಂಬುದು ಹಲವರಿಗೆ ತಿಳಿಯದು. ಈ ಪರೀಕ್ಷೆಗಳ ಆರು, ಏಳು, ಎಂಟನೆಯ ಗ್ರೇಡುಗಳಿಗೆ ಬ್ರಿಟನ್ನಿನ ವಿಶ್ವವಿದ್ಯಾಲಯಗಳ ಪ್ರವೇಶಾಂಕ ಪಟ್ಟಿಯಲ್ಲಿ ಸ್ಥಾನವಿದೆ. ಎಂಟನೆಯ ಗ್ರೇಡನ್ನು ಅತ್ಯುನ್ನತ ಶ್ರೇಣಿಯಲ್ಲಿ ಮುಗಿಸಿದರೆ 30 ಅಂಕ, ಅಲ್ಲಿನ ಪಿ.ಯು. ಮಟ್ಟದ ಒಂದು ವಿಷಯದಲ್ಲಿ ಅತ್ಯುತ್ತಮ ದರ್ಜೆಗೆ 56. ಹಾಗೆಂದು ಆಸೆಪಟ್ಟು ಸಾಲ ಮಾಡಬೇಡಿ: ಆಕ್ಸ್‌ಫರ್ಡ್, ಕೇಂಬ್ರಿಜ್ಜಿನಂಥವು ಈ ಅಂಕಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ವಿಷಯವಾರು ದರ್ಜೆಯನ್ನೇ ಕೇಳುತ್ತವೆ.

ಅಮೆರಿಕೆಯ ಕತೆ ಬೇರೆ. ವಿದೇಶದಲ್ಲಿರುವ ನಮ್ಮ ಬಂಧುಗಳು ಮಕ್ಕಳನ್ನು ಪಿಯಾನೊ ತರಗತಿಗೆ ಎಳೆದೊಯ್ಯುವುದರ ಹಿಂದಿರುವುದು ಇದೇ ಕತೆ. ಅಲ್ಲಿನ ಹಾರ್ವರ್ಡ್ ಮೊದಲಾದ ವಿದ್ಯಾಸಂಸ್ಥೆಗಳು 20ನೆಯ ಶತಮಾನದ ಆರಂಭದಲ್ಲಿ ಮುಖ್ಯವಾಗಿ ಪರೀಕ್ಷೆಯಿಂದಲೇ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುತ್ತಿದ್ದವು. ಆಗ ವಲಸೆ ಬಂದ ಯೆಹೂದ್ಯರ ಮಕ್ಕಳು ಕಷ್ಟಪಟ್ಟು ಓದಿ ಸೇರತೊಡಗಿದರು. 1922ರ ಸುಮಾರಿಗೆ ಹಾರ್ವರ್ಡಿನಲ್ಲಿ ಐವರಲ್ಲಿ ಒಬ್ಬರು ಯೆಹೂದ್ಯರು. ಅಧ್ಯಕ್ಷ ಲೊವೆಲ್‌ಗೆ ಇದು ಸಹನೆಯಾಗಲಿಲ್ಲ. ನೇರವಾಗಿ ಮಿತಿ ಹಾಕಬೇಕೆಂಬ ಆತನ ಯತ್ನಕ್ಕೆ ಅಧ್ಯಾಪಕರ ಒಪ್ಪಿಗೆ ಸಿಗಲಿಲ್ಲ. ಆಗ ಹಿತ್ತಲ ಬಾಗಿಲೊಂದನ್ನು ಕಂಡುಹಿಡಿದರು. 1926ರಿಂದ ಅಂಕದ ಜೊತೆಗೆ 'ಚಾರಿತ್ರ್ಯ', 'ವ್ಯಕ್ತಿತ್ವ'ಗಳನ್ನೂ ತೂಗಬೇಕೆಂದಾಯಿತು. ಅರ್ಜಿಗೆ ಭಾವಚಿತ್ರ, ಶಿಫಾರಸು ಪತ್ರ, ಆಟೋಟ ಹವ್ಯಾಸಗಳ ವಿವರ ಸೇರಿದವು. ಯೆಹೂದ್ಯ ವಿದ್ಯಾರ್ಥಿಗಳ ಸಂಖ್ಯೆ ಕುಸಿಯಿತು. ಇಂದು 'ಸರ್ವತೋಮುಖ ವ್ಯಕ್ತಿತ್ವ' ಎಂದು ನಾವು ಭಾಷಣಗಳಲ್ಲಿ ಹೊಗಳುವ ಮಾತು ಪ್ರವೇಶದ ಅಳತೆಗೋಲಾಗಿ ಬಂದದ್ದು ಈ ದಾರಿಯಲ್ಲಿ ಎಂಬುದನ್ನು ತಿಳಿದಾಗ ನನಗೆ ಸ್ವಲ್ಪ ಕಸಿವಿಸಿಯಾಯಿತೆಂದು ಹೇಳಲೇಬೇಕು.

ಮುಂದಿನ ಪೀಳಿಗೆಗಳಲ್ಲಿ ಆ ಅಳತೆಗೋಲಿನ ಉದ್ದೇಶ ಬದಲಾಯಿತು, ಕಪ್ಪು ಜನರ, ಬಡವರ ಮಕ್ಕಳನ್ನು ಸೇರಿಸಿಕೊಳ್ಳಲೂ ಅದನ್ನು ಬಳಸಿದರು ಎಂಬುದೂ ನಿಜ. ಅಲ್ಲಿನ ಸಾಮಾನ್ಯ ಅರ್ಜಿಯಲ್ಲಿ ಹತ್ತು ಹವ್ಯಾಸಗಳಿಗೆ ಜಾಗವಿದೆ. ವಾದ್ಯ ನುಡಿಸಿದ ಧ್ವನಿಮುದ್ರಿಕೆಯನ್ನೂ ಕೆಲವು ಕಡೆ ಕಳುಹಿಸಬಹುದು. ಏಷ್ಯಾ ಮೂಲದ ಕುಟುಂಬಗಳು ಇದನ್ನು ನಂಬಿ ಮಕ್ಕಳಿಗೆ ಪಿಟೀಲು, ಪಿಯಾನೊ ಕಲಿಸಿದವು. ಆದರೆ 2014ರಲ್ಲಿ ಹಾರ್ವರ್ಡ್ ವಿರುದ್ಧ ಹೂಡಿದ ಮೊಕದ್ದಮೆಯ ವಿಚಾರಣೆಯಲ್ಲಿ ಹೊರಬಂದದ್ದೇನು? ಓದಿನಲ್ಲೂ ಹವ್ಯಾಸಗಳಲ್ಲೂ ಮುಂದಿದ್ದ ಈ ಮಕ್ಕಳಿಗೆ 'ವ್ಯಕ್ತಿತ್ವ'ದ ಕಲಮಿನಲ್ಲಿ ಸರಾಸರಿ ಕಡಿಮೆ ಅಂಕ ಬಿದ್ದಿತ್ತು. ಎಲ್ಲರೂ ಪಿಯಾನೊ ನುಡಿಸಿದರೆ ಪಿಯಾನೊ ಯಾರನ್ನೂ ಎತ್ತಿ ತೋರಿಸುವುದಿಲ್ಲ. 2023ರಲ್ಲಿ ಅಮೆರಿಕೆಯ ಸರ್ವೋಚ್ಚ ನ್ಯಾಯಾಲಯ ಜನಾಂಗವನ್ನು ಪರಿಗಣಿಸುವ ಪ್ರವೇಶಪದ್ಧತಿಯನ್ನು ಅಸಿಂಧುವೆಂದಿತು. ಹವ್ಯಾಸಗಳ ಕಲಮು ಹಾಗೆಯೇ ಉಳಿದಿದೆ. ಅದೇ ವರ್ಷ ದೆಹಲಿಯಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಸಂಗಡಿಗರು ಅಲ್ಲಿನ ಹನ್ನೆರಡು ಶ್ರೇಷ್ಠ ವಿದ್ಯಾಸಂಸ್ಥೆಗಳ ದಾಖಲೆ ಪರಿಶೀಲಿಸಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪರೀಕ್ಷಾಂಕ ಒಂದೇ ಇದ್ದರೂ ಅತ್ಯಂತ ಶ್ರೀಮಂತ ಶೇಕಡಾ ಒಂದರಷ್ಟು ಕುಟುಂಬಗಳ ಮಕ್ಕಳಿಗೆ ಮಧ್ಯಮವರ್ಗದ ಮಕ್ಕಳಿಗಿಂತ ಎರಡು ಪಟ್ಟಿಗೂ ಹೆಚ್ಚು ಪ್ರವೇಶಾವಕಾಶ. ಅದಕ್ಕೆ ಅವರು ತೋರಿಸಿದ ಕಾರಣಗಳಲ್ಲಿ ಹಳೆ ವಿದ್ಯಾರ್ಥಿಗಳ ಮಕ್ಕಳಿಗೆ ಸಿಗುವ ಆದ್ಯತೆ, ಕ್ರೀಡೆ, ಓದಿಗೆ ಹೊರತಾದ ಅರ್ಹತೆಗಳು ಸೇರಿವೆ. ಲ್ಯೂನೆಬುರ್ಗಿನಲ್ಲಿ ಅನಾಥನೊಬ್ಬನನ್ನು ಒಳಗೆ ಬಿಟ್ಟ ಬಾಗಿಲಿನ ಮುಂದೆ ಈಗ ಕಾರುಗಳು ಸಾಲುಗಟ್ಟಿ ನಿಂತಿವೆ. ದುಡ್ಡೇ ದೊಡ್ಡಪ್ಪ ಎಂಬ ಗಾದೆಗೆ ಸ್ವರವೂ ತಲೆಬಾಗಿದಂತಾಯಿತು.

ಚೀನಾ ದೇಶದವರು ಇದನ್ನು ತಮ್ಮದೇ ರೀತಿಯಲ್ಲಿ ಕಂಡುಕೊಂಡರು: ಕಲೆಗೆ ಹೆಚ್ಚುವರಿ ಅಂಕ ಕೊಡುವ ಪದ್ಧತಿಯನ್ನು ಕಡಿತಗೊಳಿಸುತ್ತ ಬಂದು, 2024ರ ಹೊತ್ತಿಗೆ ವಿಶ್ವವಿದ್ಯಾಲಯಗಳ ಕಲಾತಂಡಗಳಿಗೆಂದು ಪ್ರವೇಶ ಪರೀಕ್ಷೆಯಲ್ಲಿದ್ದ ವಿಶೇಷ ದಾರಿಯನ್ನೂ ಮುಚ್ಚಿದರು. ನಮ್ಮಲ್ಲಿ ದೆಹಲಿ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಪಠ್ಯೇತರ ಚಟುವಟಿಕೆಯ ಕೋಟಾದಡಿ ಸಂಗೀತಕ್ಕೂ ಕೆಲವು ಸೀಟುಗಳುಂಟು. ನೆರೆಯ ಕೇರಳದಲ್ಲಿ 1957ರಲ್ಲಿ ಆರಂಭವಾದ ಶಾಲಾ ಕಲೋತ್ಸವದಲ್ಲಿ ಉನ್ನತ ಶ್ರೇಣಿ ಪಡೆದವರಿಗೆ ಗ್ರೇಸ್ ಅಂಕ ಸಿಗುತ್ತದೆ. ಅದರ ಫಲವಾಗಿ ತೀರ್ಪುಗಾರರ ವಿರುದ್ಧ ಮೇಲ್ಮನವಿಗಳು ನ್ಯಾಯಾಲಯದವರೆಗೂ ಹೋದದ್ದುಂಟು.

ಸಂಗೀತ ಕೇಳಿದರೆ ಬುದ್ಧಿ ಚುರುಕಾಗುತ್ತದೆಂಬ ಮಾತಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. 1993ರಲ್ಲಿ ಅಮೆರಿಕೆಯ ಕೆಲವು ಸಂಶೋಧಕರು ಹತ್ತು ನಿಮಿಷ ಮೊಜಾರ್ಟನನ್ನು ಕೇಳಿದ ಕಾಲೇಜು ವಿದ್ಯಾರ್ಥಿಗಳು ಒಂದು ಬಗೆಯ ಪರೀಕ್ಷೆಯಲ್ಲಿ ಅಲ್ಪಕಾಲ ಮೇಲುಗೈ ತೋರಿದರೆಂದು ಬರೆದರು. ಆ ಪರಿಣಾಮ ಕಾಲು ಗಂಟೆಯಷ್ಟೂ ನಿಲ್ಲಲಿಲ್ಲ. ಜಗತ್ತು ಮಾತ್ರ ತೊಟ್ಟಿಲ ಕೂಸುಗಳಿಗೆ ಕ್ಯಾಸೆಟ್ ಕೊಳ್ಳತೊಡಗಿತು!

ಹೀಗಿರುವಾಗ ಕೀಬೋರ್ಡ್ ತರಗತಿಯನ್ನು ನಿಲ್ಲಿಸಬೇಕೇ ಎಂದು ಕೇಳುವವರಿಗೆ ನಾನು ಹೇಳುವುದಿಷ್ಟು. ಸೀಟಿಗಾಗಿ ಕಲಿಸುತ್ತಿದ್ದರೆ ಇಂದೇ ನಿಲ್ಲಿಸಿ. ಆ ಹಣ ಟ್ಯೂಷನ್ನಿಗಾದರೂ ಆದೀತು. ಮಗುವಿಗೆ ಇಷ್ಟವಿದ್ದು ಕಲಿಯುತ್ತಿದ್ದರೆ, ಪರೀಕ್ಷೆಯ ವರ್ಷದಲ್ಲಿ ದಿನಕ್ಕೆ ಅರ್ಧ ಗಂಟೆ ಎಲ್ಲಿ ಸಿಕ್ಕೀತೆಂದು ಮಗುವಿನೊಡನೆ ಕುಳಿತು ನೋಡಿ. ಭಾನುವಾರದ ಎರಡನೆಯ ಪೂಜೆಗೆ ನುಡಿಸುವ ಹುಡುಗನನ್ನೋ ಹುಡುಗಿಯನ್ನೋ ಮಾರ್ಚ್ ತಿಂಗಳಲ್ಲಿ ನಾವು ಗುರುಗಳೂ ಹೆಚ್ಚಾಗಿ ಪೀಡಿಸಬಾರದು. ಅದಕ್ಕೆ ಪೂಜಾವಿಧಿಯೇ ಅನುಕೂಲ ಮಾಡಿಕೊಟ್ಟಿದೆ: ಪಿ.ಯು. ಪರೀಕ್ಷೆಗಳು ಸಾಮಾನ್ಯವಾಗಿ ಬರುವುದು ತಪಸ್ಸುಕಾಲದಲ್ಲಿ, ಆ ದಿನಗಳಲ್ಲಿ ಹಾಡಿಗೆ ಆಸರೆಯಾಗುವಷ್ಟು ಮಾತ್ರ ವಾದ್ಯ ನುಡಿಸಬೇಕೆಂಬುದು ನಿಯಮ. ಪುನರುತ್ಥಾನದ ಜಾಗರಣೆಯ ರಾತ್ರಿ ಮಹಿಮಾಗೀತೆಗೆ ಗಂಟೆಗಳೆಲ್ಲ ಮೊಳಗಿ ವಾದ್ಯಗಳು ಮತ್ತೆ ಬಾಯ್ದೆರೆಯುವ ಹೊತ್ತಿಗೆ, ಬಹುತೇಕ ವರ್ಷಗಳಲ್ಲಿ, ಕೊನೆಯ ಪತ್ರಿಕೆಯೂ ಮುಗಿದಿರುತ್ತದೆ.